ಊರಿಗೆ ಊರೇ ಹೊಟ್ಟೆ ಕೆಟ್ಟಾಗ ಮಲದ ಸ್ಯಾಂಪಲ್ ಎಲ್ಲಿಗೆ ಹೋಗಬೇಕು?

'ವಾಂತಿ-ಭೇದಿ: ಹಲವರು ಅಸ್ವಸ್ಥ'. ಮಳೆಗಾಲ ಶುರುವಾಯಿತೆಂದರೆ ಉತ್ತರ ಕರ್ನಾಟಕದ ಯಾವುದೋ ಒಂದು ಹಳ್ಳಿಯಿಂದ ಈ ಸುದ್ದಿ ಬಂದೇ ಬರುತ್ತದೆ. ಮುಂದಿನ ಸಾಲುಗಳೂ ನಮಗೆ ಬಾಯಿಪಾಠ: ಕಲುಷಿತ ನೀರಿನ ಶಂಕೆ, ಅಧಿಕಾರಿಗಳ ಭೇಟಿ, ಪೈಪ್ ದುರಸ್ತಿ, ಪಿಡಿಒಗೆ ನೋಟಿಸ್. ಯಾವ ರೋಗಾಣು ಅನ್ನೋದು ಮಾತ್ರ ಆ ಸುದ್ದಿಯಲ್ಲಿ ಬರಲ್ಲ. ಅದನ್ನು ಹೇಳಬಲ್ಲದ್ದು ಮಲ ಪರೀಕ್ಷೆ. ನಮ್ಮ ಕಡೆ ಆಡುಮಾತಲ್ಲಿ ಸಂಡಾಸ್ ಟೆಸ್ಟ್.

ಮೊದಲೇ ಒಂದು ಮಾತು. ಜುಲಾಬು ಹತ್ತಿದ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಬೇಕಿಲ್ಲ. ಬಹುಪಾಲು ಭೇದಿ ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಜೀವ ಉಳಿಸೋದು ಓಆರ್‌ಎಸ್, ಮಕ್ಕಳಿಗೆ ಅದರ ಜೊತೆ ಜಿಂಕ್ ಮಾತ್ರೆ. ಎರಡೂ ಆಶಾ ಕಾರ್ಯಕರ್ತೆಯ ಹತ್ತಿರ ಸಿಗಬೇಕು. ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಇದ್ದರೆ, ವಾರ ದಾಟಿದರೂ ನಿಲ್ಲದಿದ್ದರೆ, ರೋಗಿ ಹಸುಗೂಸು ಅಥವಾ ರೋಗನಿರೋಧಕ ಶಕ್ತಿ ಕುಂದಿದವರಾಗಿದ್ದರೆ ಪರೀಕ್ಷೆ ಬೇಕು. ಒಂದೇ ಓಣಿಯಲ್ಲಿ ಒಂದೇ ಸಲಕ್ಕೆ ಹಲವರು ಮಲಗಿದಾಗಂತೂ ಬೇಕೇ ಬೇಕು, ಯಾಕೆಂದರೆ ಆಗ ರೋಗಿ ಬರೀ ಒಬ್ಬ ಮನುಷ್ಯ ಅಲ್ಲ, ಇಡೀ ಊರು.

'ಮಲ ಪರೀಕ್ಷೆ' ಅಂದರೆ ಒಂದೇ ಪರೀಕ್ಷೆ ಅಲ್ಲ. ಅತಿ ಅಗ್ಗದ್ದು ಸೂಕ್ಷ್ಮದರ್ಶಕದ್ದು. ಗಾಜಿನ ಪಟ್ಟಿಯ ಮೇಲೆ ಸಲೈನ್ ಅಥವಾ ಅಯೋಡಿನ್ ಹನಿಯಲ್ಲಿ ಚೂರು ಮಲ ಕಲಸಿ ನೋಡುತ್ತಾರೆ. ಜಂತುಹುಳದ ಮೊಟ್ಟೆ, ಜಿಯಾರ್ಡಿಯಾ, ಅಮೀಬಾ, ಕೀವುಕಣ, ರಕ್ತಕಣ ಕಾಣುತ್ತವೆ. ಪರಾವಲಂಬಿಗಳು ದಿನವೂ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ, ಹಾಗಾಗಿ ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೇಳುವುದು ವಾಡಿಕೆ. ಇದರ ಮಿತಿಯೂ ದೊಡ್ಡದು. ರೋಗ ತರುವ ಅಮೀಬಾ ಮತ್ತು ನಿರುಪದ್ರವಿ ಅಮೀಬಾದ ಸಿಸ್ಟ್‌ಗಳು ಇದರಲ್ಲಿ ಒಂದೇ ಥರ ಕಾಣುತ್ತವೆ, ವೈರಸ್ ಕಾಣುವುದೇ ಇಲ್ಲ. ಸಾಲ್ಮೊನೆಲ್ಲಾ, ಶಿಗೆಲ್ಲಾ ಯಾವುದೆಂದು ಗುರುತು ಹಿಡಿಯಲೂ ಆಗಲ್ಲ. ಕಾಲರಾದ ವಿಬ್ರಿಯೊ ಮಾತ್ರ ಹನಿಯಲ್ಲಿ ಬಾಣದಂತೆ ಓಡಾಡಿ ಅನುಭವಿ ಕಣ್ಣಿಗೆ ಸುಳಿವು ಕೊಡುತ್ತದೆ.

ಬ್ಯಾಕ್ಟೀರಿಯಾದ ಹೆಸರು ಬೇಕಂದ್ರೆ ಕಲ್ಚರ್ ಮಾಡಬೇಕು, ಅಂದರೆ ತಟ್ಟೆಯಲ್ಲಿ ಅದಕ್ಕೆ ಊಟ ಹಾಕಿ ಬೆಳೆಸಬೇಕು. ಟಿಸಿಬಿಎಸ್ ಎಂಬ ಮಾಧ್ಯಮದ ಮೇಲೆ ಕಾಲರಾ ರೋಗಾಣು ಹಳದಿ ಚುಕ್ಕೆಗಳಾಗಿ ಬೆಳೆಯುತ್ತದೆ. ಫಲಿತಾಂಶಕ್ಕೆ ಎರಡು-ಮೂರು ದಿನ. ನಿಧಾನ ನಿಜ, ಆದರೆ ಯಾವ ಆಂಟಿಬಯೋಟಿಕ್‌ಗೆ ಈ ರೋಗಾಣು ಬಗ್ಗುತ್ತದೆ, ಯಾವುದಕ್ಕೆ ಬಗ್ಗಲ್ಲ ಎಂದು ಹೇಳುವುದು ಇದೇ. ಮಕ್ಕಳ ರೋಟಾವೈರಸ್‌ಗೆ ಆಂಟಿಜೆನ್ ಪರೀಕ್ಷೆ ಇದೆ. ದೊಡ್ಡ ಆಸ್ಪತ್ರೆಗಳ ಪಿಸಿಆರ್ ಪ್ಯಾನೆಲ್‌ಗಳಲ್ಲಿ ಕೆಲವು 22 ಬಗೆಯ ರೋಗಕಾರಕಗಳನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕುತ್ತವೆ. ಕೇಳೋಕೆ ಚಂದ. ಆದರೆ ಖರ್ಚು ಜಾಸ್ತಿ, ಸತ್ತ ರೋಗಾಣುವಿನ ಅಂಶವನ್ನೂ ಹಿಡಿದು 'ಪಾಸಿಟಿವ್' ಅನ್ನಬಲ್ಲವು, ಔಷಧದ ಪ್ರಶ್ನೆಗೆ ಕಲ್ಚರ್ ಕೊಡುವಂಥ ಉತ್ತರ ಕೊಡಲ್ಲ.

ಇಷ್ಟೆಲ್ಲ ಯಾಕೆ, ಒಂದು ಮಾತ್ರೆ ನುಂಗಿದರೆ ಆಯ್ತಲ್ಲ ಅನ್ನಬಹುದು. ರಕ್ತಭೇದಿಯನ್ನೇ ತಗೊಳ್ಳಿ. ಅಮೀಬಾದಿಂದಲೂ ಆಗುತ್ತದೆ, ಶಿಗೆಲ್ಲಾದಿಂದಲೂ ಆಗುತ್ತದೆ. ಅಮೀಬಾಗೆ ಕೊಡುವ ಮೆಟ್ರೊನಿಡಜೋಲ್ ಶಿಗೆಲ್ಲಾ ಮೇಲೆ ಕೆಲಸವೇ ಮಾಡಲ್ಲ. ಗೊತ್ತಿಲ್ಲದಿದ್ದಾಗ ನಮ್ಮ ಔಷಧ ಅಂಗಡಿಗಳ ಉಪಾಯ ಎರಡನ್ನೂ ಬೆರೆಸಿದ ಒಂದೇ ಮಾತ್ರೆ. ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ವೈರಸ್‌ನ ಭೇದಿಗೂ ಅದೇ, ಹೊರಗೆ ತಿಂದು ಹೊಟ್ಟೆ ಕೆಟ್ಟರೂ ಅದೇ. ಹೀಗೆ ಬಳಸಿ ಬಳಸಿ ನಾಳೆ ನಿಜವಾಗಿ ಬೇಕಾದಾಗ ಔಷಧ ನಾಟದಂತೆ ಮಾಡಿಕೊಳ್ಳುತ್ತಿದ್ದೇವೆ. (ಜ್ವರ ಬಂದ ತಕ್ಷಣ ವಿಡಾಲ್ ಟೆಸ್ಟ್ ಮಾಡಿಸಿ 'ಟೈಫಾಯಿಡ್' ಅನ್ನೋದೂ ಇದೇ ಜಾತಿಯ ರೂಢಿ. ಟೈಫಾಯಿಡ್‌ನ ಮೊದಲ ವಾರಕ್ಕೆ ಒಳ್ಳೆಯ ಸಾಕ್ಷಿ ರಕ್ತದ ಕಲ್ಚರ್.)

ಈಗ ಭೂಗೋಳಕ್ಕೆ ಬರೋಣ, ಅಸಲಿ ತೊಡಕು ಇರೋದು ಅಲ್ಲೇ. ಕೇಂದ್ರದ ಉಚಿತ ರೋಗಪತ್ತೆ ಸೇವೆಯ ಪಟ್ಟಿಯಲ್ಲಿ ಉಪಕೇಂದ್ರಕ್ಕೆ 14, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63, ಸಮುದಾಯ ಆರೋಗ್ಯ ಕೇಂದ್ರಕ್ಕೆ 97, ಜಿಲ್ಲಾ ಆಸ್ಪತ್ರೆಗೆ 134 ಪರೀಕ್ಷೆಗಳಿವೆ. ಹಳ್ಳಿಗೆ ಹತ್ತಿರ ಸಿಗುವುದು ಹೆಚ್ಚೆಂದರೆ ಸೂಕ್ಷ್ಮದರ್ಶಕದ ಪರೀಕ್ಷೆ, ಕಲ್ಚರ್ ಅನ್ನೋದು ಜಿಲ್ಲಾ ಮಟ್ಟದ ಮಾತು. ನರಗುಂದವೋ ಗಜೇಂದ್ರಗಡವೋ, ಗದಗಕ್ಕೆ ಐವತ್ತು ಕಿಲೋಮೀಟರ್ ಆಸುಪಾಸು. ರೋಣ ಸ್ವಲ್ಪ ಹತ್ತಿರ. ಬಿಡಿ ಮಲ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. 2019ರಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ನೀರು ನುಗ್ಗಿದಾಗ ಇದ್ದಂಥ ಸ್ಥಿತಿಯಲ್ಲಿ ಯಾವ ಬಸ್ಸಿಗೆ ಆ ಡಬ್ಬಿ ಕೊಟ್ಟು ಕಳಿಸ್ತೀರಿ?

ಹಾಗೆ ನೋಡಿದರೆ ಇದಕ್ಕೆ ಪರಿಹಾರ ಹಳೆಯದು, ಅಗ್ಗದ್ದು ಕೂಡ. ಕ್ಯಾರಿ-ಬ್ಲೇರ್ ಎಂಬ ಸಾಗಣೆ ಮಾಧ್ಯಮವಿರುವ ಸಣ್ಣ ಟ್ಯೂಬು. ಮಲದಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಅದರೊಳಗೆ ಚುಚ್ಚಿ ಮುಚ್ಚಿದರೆ ರೋಗಾಣು ದಿನಗಟ್ಟಲೆ ಬದುಕುತ್ತದೆ. ಕಾಲರಾ ಶಂಕೆ ಇದ್ದರೆ ಐಸ್ ಕೂಡ ಬೇಡ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಅವಧಿ ಮುಗಿಯದ ಹತ್ತು ಟ್ಯೂಬ್ ಇದ್ದರೆ ಐವತ್ತು ಕಿಲೋಮೀಟರ್ ದೊಡ್ಡ ದೂರವೇ ಅಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಹಾಸ್ಟೆಲ್‌ನ 47 ವಿದ್ಯಾರ್ಥಿನಿಯರು ವಿಕ್ಟೋರಿಯಾ ಆಸ್ಪತ್ರೆ ಸೇರಿದಾಗ ಕಾಲರಾ ಶಂಕೆ ಬಂತು, ಸ್ಯಾಂಪಲ್ ಪರೀಕ್ಷೆಗೆ ಹೋಯಿತು. ಅವರಿಗೆ ಆಸ್ಪತ್ರೆ, ಲ್ಯಾಬ್ ಎಲ್ಲ ಕೂಗಳತೆಯಲ್ಲಿತ್ತು. ಹೊಳೆಆಲೂರಿನವರಿಗೆ ಆ ಟ್ಯೂಬೇ ಕೂಗಳತೆ.

ಇನ್ನೊಂದು, ಸಮಯ. ಸ್ಯಾಂಪಲ್ ತೆಗೆಯಬೇಕಾದ್ದು ಆಂಟಿಬಯೋಟಿಕ್‌ನ ಮೊದಲ ಡೋಸ್‌ಗಿಂತ ಮುಂಚೆ. ಚಿಕಿತ್ಸೆ ತಡಮಾಡಿ ಅಂತಲ್ಲ. ಸಲೈನ್ ಏರಿಸುತ್ತಾ ಒಂದು ಕಡ್ಡಿ ಅದ್ದಿಕೊಳ್ಳಲು ನಿಮಿಷ ಸಾಕು. ಎಲ್ಲರದ್ದೂ ಬೇಕಿಲ್ಲ, ಮೊದಲು ಬಂದ ಕೆಲವರದ್ದು ಸಾಕು. ಮನೆಯಿಂದ ತರುವುದಾದರೆ ಅಗಲ ಬಾಯಿಯ ಒಣಗಿದ ಶುದ್ಧ ಡಬ್ಬಿ, ಮೂತ್ರ ಬೆರೆಯಬಾರದು, ಕಮೋಡಿನ ನೀರಿನಿಂದ ಎತ್ತಬಾರದು.

ನೀರಿನ ಪರೀಕ್ಷೆ ಇದಕ್ಕೆ ಬದಲಿ ಅಲ್ಲ. ಪಂಚಾಯಿತಿಯ ಕಿಟ್‌ನಲ್ಲಿರುವ ಎಚ್‌2ಎಸ್ ಬಾಟಲಿ ಕಪ್ಪಾದರೆ ನೀರಿಗೆ ಮಲ ಸೇರಿರುವ ಸಾಧ್ಯತೆ ಇದೆ ಎಂದರ್ಥ, ರೋಗಾಣುವಿನ ಹೆಸರು ಅದಕ್ಕೆ ಗೊತ್ತಿಲ್ಲ. ಎರಡೂ ಕಡೆ ಒಂದೇ ರೋಗಾಣು ಸಿಕ್ಕಾಗಲೇ ಪೈಪಿನ ಮೇಲಿನ ಆರೋಪ ಗಟ್ಟಿಯಾಗೋದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನೀರು ಕುಡಿದವರು ಸಾಲುಸಾಲಾಗಿ ಆಸ್ಪತ್ರೆ ಸೇರಿ ಸಾವುಗಳಾದಾಗ, ಯಾರೋ ವಿಷ ಬೆರೆಸಿದ್ದಾರೆ ಎಂಬ ಅನುಮಾನವೂ ಎದ್ದಿತ್ತು. ವಿಷವೋ ರೋಗಾಣುವೋ ಎಂಬ ಜಗಳ ಬಗೆಹರಿಯುವ ಜಾಗ ಲ್ಯಾಬ್ ಒಂದೇ. ತನಿಖೆ ಯಾರ ಮೇಲೆ, ಪರಿಹಾರ ಯಾರಿಂದ ಅನ್ನೋದೆಲ್ಲ ಅದರ ಮೇಲೆ ನಿಂತಿದೆ.

ದೇಶದ ರೋಗ ಕಣ್ಗಾವಲು ಯೋಜನೆ 2004ರಿಂದ ಇದೆ. ಅದರಲ್ಲಿ ಮೂರು ನಮೂನೆ: ಆರೋಗ್ಯ ಕಾರ್ಯಕರ್ತೆ ತುಂಬುವ 'ಎಸ್', ವೈದ್ಯರ 'ಪಿ', ಲ್ಯಾಬ್‌ನ 'ಎಲ್'. ಎಸ್ ಅಂದರೆ ಶಂಕೆ, ಪಿ ಅಂದರೆ ಬಹುಶಃ, ಎಲ್ ಅಂದರೆ ಖಚಿತ. ಮುಂದಿನ ಸಲ ನಿಮ್ಮ ಊರಿನಲ್ಲಿ ಹೀಗಾದಾಗ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳಿ: ಎಷ್ಟು ಮಲದ ಸ್ಯಾಂಪಲ್ ತೆಗೆದಿರಿ, ಔಷಧ ಕೊಡುವ ಮುಂಚೆಯೋ ಆಮೇಲೋ, ಯಾವ ಲ್ಯಾಬ್‌ಗೆ ಹೋಯಿತು, ಎಲ್ ನಮೂನೆಯಲ್ಲಿ ಏನು ಬರೆದಿದೆ. ಬಾಯಿಮಾತಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.