ಕೊಳೆರೋಗದ ಎಳೆ

ಮಲೆನಾಡಿನಲ್ಲಿ ಮಳೆ ಹಿಡಿದುಕೊಂಡ ದಿನಗಳಲ್ಲಿ ಅಡಿಕೆ ಮರದ ಬುಡಕ್ಕೆ ಹಸಿರು ಕಾಯಿ ಉದುರತೊಡಗಿದರೆ ತೋಟದವರ ಎದೆ ಧಸಕ್ಕೆನ್ನುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು. ವರ್ಷದ ಫಸಲನ್ನು ಕೆಲವೇ ವಾರಗಳಲ್ಲಿ ನೆಲಕ್ಕೆ ಕೆಡವಬಲ್ಲ ಕೊಳೆರೋಗ ಇದು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಬೂಷ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅದು ಫೈಟಾಫ್ತೊರಾ ಕುಲಕ್ಕೆ ಸೇರಿದ್ದೆಂದು 1910ರಲ್ಲಿ ಪ್ರಕಟಿಸಿದರು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಯನ್ನು ನುಂಗಿ ಘೋರ ಕ್ಷಾಮ ತಂದದ್ದೂ ಇದೇ ಕುಲದ ಜೀವಿ.

ಬೂಷ್ಟೆಂದರೆ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳ ಜಾಲ. ಈ ಎಳೆ ಬೆಳೆಯುವ ಬಗೆಯೇ ಬೇರೆ. ಅದು ನಡುವೆ ಹಿಗ್ಗುವುದಿಲ್ಲ, ತುದಿಯಲ್ಲಷ್ಟೇ ಉದ್ದವಾಗುತ್ತದೆ. ಗೋಡೆ ಕಟ್ಟುವ ಸಾಮಗ್ರಿ ಹಿಂದಿನಿಂದ ಪುಟ್ಟ ಪುಟ್ಟ ಚೀಲಗಳಲ್ಲಿ ತುದಿಗೆ ಸಾಗಿಬರುತ್ತದೆ. ಸ್ವಲ್ಪ ಹಿಂದೆ, ಗಟ್ಟಿಯಾದ ಗೋಡೆಯ ಒಂದು ಕಡೆ ಸಡಿಲಗೊಂಡು ಇನ್ನೊಂದು ತುದಿ ಮೊಳೆಯುತ್ತದೆ. ಅದೇ ಕವಲು. ಕವಲಿಗೆ ಮರಿಕವಲು. ತುದಿಗಳು ಸೂಸುವ ರಸ ಕಾಯಿಯ ತಿರುಳನ್ನು ಕರಗಿಸುತ್ತದೆ. ಕರಗಿದ್ದನ್ನು ಎಳೆ ಹೀರಿಕೊಳ್ಳುತ್ತದೆ.

ಹೀಗೆ ಒಳಹೊಕ್ಕ ಎಳೆಯನ್ನು ಸಿಪ್ಪೆಯ ಮೇಲಷ್ಟೇ ಉಳಿಯುವ ಔಷಧಿ ಮುಟ್ಟಲಾರದು. ತಡೆಯುವುದಾದರೆ ಕಾಯಿಯ ಸಿಪ್ಪೆಯ ಮೇಲೆಯೇ, ಮೊದಲ ಎಳೆ ಮೊಳೆಯುವಾಗಲೇ ತಡೆಯಬೇಕು. ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದುದರ ಗುಟ್ಟು ಇದೇ. ಈ ರೋಗದ ಬೀಜಾಣುಗಳು ನೀರಿನಲ್ಲಿ ಈಜಿ ಕಾಯಿಯನ್ನು ಸೇರುತ್ತವೆ. ಕಾಯಿ ನೆನೆಯದಿದ್ದರೆ ಅವಕ್ಕೆ ದಾರಿಯಿಲ್ಲ.

ಕೋಲ್ಮನ್ ಸೂಚಿಸಿದ ಬೋರ್ಡೋ ದ್ರಾವಣ ಮಾಡುವುದೂ ಇದೇ ಕೆಲಸವನ್ನು. ಫ್ರಾನ್ಸಿನ ದ್ರಾಕ್ಷಿ ತೋಟದವರು ಕಳ್ಳರನ್ನು ದೂರವಿಡಲು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟುರೋಗ ತಗುಲದ್ದನ್ನು ಕಂಡ ಮಿಲಾರ್ಡೆ 1885ರಲ್ಲಿ ಅದನ್ನು ಔಷಧಿಯಾಗಿ ಸಾರಿದರು. ತಾಮ್ರದ ತೆಳು ಲೇಪ ಬೀಜಾಣುವನ್ನು ಸಿಪ್ಪೆಯ ಮೇಲೆಯೇ ಕೊಲ್ಲುತ್ತದೆ.

ಇಂದಿನ ವಿಜ್ಞಾನ ಫೈಟಾಫ್ತೊರಾವನ್ನು ನಿಜವಾದ ಶಿಲೀಂಧ್ರಗಳ ಸಾಲಿನಿಂದ ತೆಗೆದು, ಕಂದು ಪಾಚಿಯ ನೆಂಟನೆಂದು ಎಣಿಸಿದೆ. ಆದರೆ ತುದಿಯಿಂದ ಬೆಳೆದು ಕವಲೊಡೆಯುವ ರೀತಿ ಎರಡಕ್ಕೂ ಒಂದೇ. ಆದ್ದರಿಂದಲೇ ಮಲೆನಾಡಿನ ರೈತ ಈಗಲೂ ಮಳೆಗಾಲ ಹಿಡಿಯುವ ಮೊದಲೇ ಮದ್ದು ಹೊಡೆಸಲು ಅವಸರಪಡುತ್ತಾನೆ. ಬೂಷ್ಟು ಕಣ್ಣಿಗೆ ಬೀಳುವ ಹೊತ್ತಿಗೆ ಎಳೆ ಒಳಗೆ ತನ್ನ ಕೆಲಸ ಮುಗಿಸಿರುತ್ತದೆ.