ದಾರಿಯ ದೀಪ: ಚಕ್ಕಡಿಯಿಂದ ಮೋಟಾರಿನ ತನಕ

ನೇಸರಿಯ ಇತಿಹಾಸ ಅಂದ್ರ ಎಲ್ಲರೂ 1674ರ ಫೆಬ್ರವರಿ 24ಕ್ಕೆ ಹೋಗಿ ನಿಂತುಬಿಡತಾರ. ಪ್ರತಾಪರಾವ ಗುಜರ ಆರು ಮಂದಿ ಸವಾರರೊಂದಿಗೆ ಬಹಲೋಲ್ ಖಾನನ ಸೈನ್ಯದ ಮ್ಯಾಲೆ ಏರಿಹೋದ ಕಥೆ ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಅದು ದೊಡ್ಡ ಇತಿಹಾಸ. ನಾನು ಬರೆಯುತ್ತಿರುವುದು ಸಣ್ಣದು: ಗಡಹಿಂಗ್ಲಜ, ಚಂದಗಡ, ಆಜರಾ ಕಡೆ ರಾತ್ರಿ ಹೋಗೋ ಮಂದಿ ಯಾವ ಬೆಳಕಿನಾಗ ಹೋಗತಿದ್ರು, ಈಗ ಯಾವ ಬೆಳಕಿನಾಗ ಹೋಗತಾರ ಅನ್ನೋದು.

ಮೊದಲು ಚಕ್ಕಡಿ. ಅದರ ಅಚ್ಚಿನ ಕೆಳಗೆ ಒಂದು ಕಂದೀಲು ತೂಗುತ್ತಿತ್ತು. ಅದರ ಬೆಳಕು ಎತ್ತಿನ ಗೊರಸು ದಾಟಿ ಮುಂದೆ ಹೋಗುತ್ತಿರಲಿಲ್ಲ. ದಾರಿ ಎತ್ತುಗಳಿಗೇ ಗೊತ್ತು, ಗಾಡಿ ಹೊಡೆಯುವವ ನಿದ್ದೆ ಮಾಡಿದರೂ ಮನೆ ಮುಟ್ಟತಿದ್ದ. ಹಂಗಾದರ ಕಂದೀಲು ಯಾಕ? ಇಲ್ಲೊಂದು ಗಾಡಿ ಐತಿ ಅಂತ ಹಿಂದಿನವರಿಗೆ, ಎದುರಿನವರಿಗೆ ತಿಳಿಯಲಿ ಅಂತ. ದೀಪಕ್ಕೆ ಎರಡು ಕೆಲಸ, ನಾವು ನೋಡುವುದು ಒಂದು, ನಾವು ಕಾಣಿಸುವುದು ಇನ್ನೊಂದು. ಚಕ್ಕಡಿಯ ಕಂದೀಲು ಎರಡನೆಯ ಕೆಲಸಕ್ಕೆ ಇತ್ತು. ದಿನಾ ಸಂಜೆ ಅದರ ಗಾಜನ್ನು ಬೂದಿ ಹಚ್ಚಿ ಒರೆಸುವುದು ಮನೆಯ ಹುಡುಗರ ಪಾಲಿನ ಕೆಲಸ. ಮಸಿ ಹಿಡಿದ ಗಾಜು ಎಲ್ಲರ ಕಣ್ಣಿಗೂ ಬೀಳತಿತ್ತು, ಬೈಗಳವೂ ಬೀಳತಿತ್ತು.

ಆಮೇಲೆ ಕಾರ್ಬೈಡ್ ದೀಪ ಬಂತು. ಮೇಲಿನ ಡಬ್ಬಿಯಿಂದ ನೀರು ಹನಿಹನಿಯಾಗಿ ಕೆಳಗಿನ ಕಾರ್ಬೈಡ್ ಹರಳಿನ ಮೇಲೆ ಬಿದ್ದು ಅಸಿಟಿಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುವ ದೀಪ ಅದು. ಜಾತ್ರೆಯ ಮಿಠಾಯಿ ಅಂಗಡಿಯಲ್ಲಿ ಅದರ ವಾಸನೆ ಕುಡಿದವರು ಇನ್ನೂ ಇದ್ದಾರೆ. ಮೊದಲ ಕಾಲದ ಮೋಟಾರು, ಸೈಕಲ್ಲುಗಳಿಗೂ ಅದೇ ದೀಪ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ಸ್ಟಾರ್ಟರು, ದೀಪ ಎರಡನ್ನೂ ವಿದ್ಯುತ್ತಿನಿಂದಲೇ ನಡೆಸುವ ಕಾರು ತಂದ ಮೇಲೆ ಈ ಅನಿಲದ ದೀಪ ಹಿಂದೆ ಸರಿಯಿತು. ಸೈಕಲ್ಲಿಗೆ ಡೈನಮೋ ಬಂತು. ಜೋರಾಗಿ ತುಳಿದರೆ ಬೆಳಕು, ಏರಿನಲ್ಲಿ ಕತ್ತಲೆ. ಬೆಳಕು ಬೇಕಾದಲ್ಲೇ ಕೈಕೊಡುವ ದೀಪ ಅದು.

1965 ಮತ್ತು 1971ರ ಯುದ್ಧಗಳಲ್ಲಿ ಮೋಟಾರಿನ ಮುಂದಿನ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ ಹಚ್ಚಿದರು. ವಿಮಾನಕ್ಕೆ ಕಾಣಬಾರದು ಅಂತ. ಯುದ್ಧ ಮುಗಿದರೂ ಲಾರಿಗಳ ದೀಪದ ಮೇಲೆ ಕಪ್ಪು ಬೊಟ್ಟು ಬಹಳ ವರ್ಷ ಉಳಿಯಿತು, ಎದುರಿನವರ ಕಣ್ಣು ಕುಕ್ಕಬಾರದು ಅಂತ.

ಅಂಬಾಸಡರ್, ಜೀಪುಗಳ ದುಂಡು ದೀಪಕ್ಕೆ ದಪ್ಪ ಗಾಜು ಇತ್ತು. ಒಳಗಿನ ಬಟ್ಟಲು ತುಕ್ಕು ಹಿಡಿದು ಬೆಳಕು ಕಡಿಮೆ ಆದೀತು, ಆದರೆ ಗಾಜು ಮಬ್ಬಾಗುತ್ತಿರಲಿಲ್ಲ. ಈಗಿನ ಕಾರುಗಳಿಗೆ ಇರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಹಗುರ, ಕಲ್ಲು ಬಿದ್ದರೆ ಒಡೆಯೋದಿಲ್ಲ, ಬೇಕಾದ ಆಕಾರಕ್ಕೆ ಬಗ್ಗತದ. ಅದರ ಮೇಲೆ ಬಿಸಿಲಿನಿಂದ ಕಾಯುವ ತೆಳ್ಳನೆಯ ಲೇಪ ಇರತದ. ಕೆಲವು ವರ್ಷದ ಬಿಸಿಲು, ಧೂಳು, ಒಣ ಅರಿವೆಯಿಂದ ತಿಕ್ಕುವುದು, ಇವೆಲ್ಲ ಸೇರಿ ಆ ಲೇಪ ಸವೆದರೆ ಪ್ಲಾಸ್ಟಿಕ್ಕು ಹಳದಿಯಾಗಿ, ಕಣ್ಣಿಗೆ ಪೊರೆ ಬಂದಂಗ ಆಗತದ. ಇಂಥ ಮಬ್ಬು ದೀಪಗಳು ಹೊಸ ದೀಪದ ಬೆಳಕಿನ ಐದನೇ ಒಂದು ಪಾಲು ಮಾತ್ರ ಕೊಡತಾವ ಅಂತ ಅಮೆರಿಕದ ವಾಹನ ಮಾಲೀಕರ ಸಂಘ 2018ರಲ್ಲಿ ಅಳೆದು ಹೇಳಿತು. ಕಂದೀಲಿನ ಮಸಿ ಒಂದೇ ರಾತ್ರಿಗೆ ಕಾಣತಿತ್ತು. ಇದು ಹಂಗಲ್ಲ, ದಿನಕ್ಕೊಂದು ಎಳೆಯಷ್ಟು ಮಬ್ಬಾಗತದ, ನಮ್ಮ ಕಣ್ಣೂ ಅದಕ್ಕೆ ಒಗ್ಗಿಕೊಳ್ಳತದ.

ಕೆಲವರು ಟೂತ್‌ಪೇಸ್ಟ್ ಹಚ್ಚಿ ತಿಕ್ಕತಾರ. ಹೊಳಪೇನೋ ಬರತದ, ಕೆಲವೇ ತಿಂಗಳಿಗೆ ಮತ್ತೆ ಹಳದಿ. ನೀರು ಹಾಕಿ ತಿಕ್ಕುವ ಪಾಲಿಶ್ ಕಾಗದವನ್ನು ಮೊದಲು ಒರಟು, ಆಮೇಲೆ ನಯ ಅಂತ ಬಳಸಿ, ಕೊನೆಗೆ ಬಿಸಿಲು ತಡೆಯುವ ಲೇಪ ಮತ್ತೆ ಹಚ್ಚಬೇಕು. ಲೇಪ ಬಿಟ್ಟರೆ ತಿಕ್ಕಿದ್ದೆಲ್ಲ ವ್ಯರ್ಥ. ಅದಕ್ಕಿಂತ ಕೆಟ್ಟದ್ದು ಮಬ್ಬು ಪ್ಲಾಸ್ಟಿಕ್ಕಿನ ಹಿಂದೆ ಬೆಳ್ಳನೆಯ ಜೋರು ಎಲ್ಇಡಿ ಬಲ್ಬು ಹಾಕುವುದು. ಆ ಬೆಳಕು ರಸ್ತೆಗೆ ಬೀಳದೆ ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಹೊಡೆಯತದ.

ಈಗ ಕಬ್ಬಿನ ಹಂಗಾಮಿಗೆ ಬರೋಣ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡತದ. ಕಣ್ಣಿಗೆ ಬಿದ್ದದ್ದು ಕಾಲಿಗೆ ತಿಳಿಯುವಷ್ಟರಲ್ಲಿ 25 ಮೀಟರ್ ಹೋಯಿತು. ಬ್ರೇಕು ಹಿಡಿದು ನಿಲ್ಲಲು ಇನ್ನೂ 20–25 ಮೀಟರ್ ಬೇಕು. ಬೆಳಕು ಕಾಲು ಪಾಲಿಗೆ ಇಳಿದರೆ ಕಾಣುವ ದೂರ ಸುಮಾರು ಅರ್ಧಕ್ಕೆ ಇಳೀತದ. 50 ಮೀಟರ್ ಕಾಣಬೇಕಾದಲ್ಲಿ 25 ಕಂಡರೆ, ಕಂಡಿದ್ದೂ ಒಂದೇ, ಕಾಣದಿದ್ದದ್ದೂ ಒಂದೇ. ಎದುರಿಗೆ ಇರುವುದು ಏನು? ಎರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರು. ಹಿಂದಿನ ಕೆಂಪು ದೀಪ ಒಡೆದು ಹೋಗಿರತದ, ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರತದ. ಪಂಕ್ಚರ್ ಆಗಿ ರಸ್ತೆಯ ಮೇಲೇ ನಿಂತಿದ್ದರಂತೂ ಗುರುತಿಗೆ ನಾಲ್ಕು ಕಲ್ಲು ಇಟ್ಟಿರತಾರ, ಆ ಕಲ್ಲಿಗೂ ಬೆಳಕಿಲ್ಲ. ಟ್ರ್ಯಾಕ್ಟರಿಗೆ ಐವತ್ತು ಕುದುರೆಯ ಬಲ ಬಂತು, ಚಕ್ಕಡಿಯ ಕಂದೀಲು ಮಾತ್ರ ದಾರಿಯಲ್ಲೇ ಬಿದ್ದುಹೋಯಿತು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬೆಳಕು ಮರಳಿಸುವ ಪಟ್ಟಿಗಳ ಮಾತಿದೆ. ಟ್ರಾಲಿಗೆ ಅದನ್ನು ಅಂಟಿಸುವ ಖರ್ಚು ಒಂದು ಟನ್ ಕಬ್ಬಿನ ಬೆಲೆಗಿಂತ ಎಷ್ಟೋ ಕಡಿಮೆ. ಹೋದ ಹಂಗಾಮಿನಲ್ಲಿ ನಾನು ಕಂಡ ಒಂದು ಎತ್ತಿನ ಗಾಡಿಯವ, ಕಬ್ಬಿನ ಹೊರೆಯ ಹಿಂದೆ ಹಳೆಯ ಸಿನಿಮಾದ ಸಿಡಿ ಮೂರು ಕಟ್ಟಿಕೊಂಡು ಹೊರಟಿದ್ದ. ದೂರದಿಂದಲೇ ಅವು ಮಿಂಚುತ್ತಿದ್ದವು.