ಬಾಗಿಲು ಮುಚ್ಚುವ ಮುನ್ನ ಉಳಿದ ದಿನಗಳು

ಐಟಿ ಆಫೀಸಿನ ಕ್ಯಾಂಟೀನಿನಲ್ಲಿ ‘ಫೋರ್‌ಕ್ಲೋಷರ್’ ಅಂದರೆ ಯಾರೂ ಬೆಚ್ಚುವುದಿಲ್ಲ. ಬೋನಸ್ ಬಂದಿದೆ, ಹೋಮ್ ಲೋನ್ ಅವಧಿಗೆ ಮೊದಲೇ ತೀರಿಸುತ್ತಿದ್ದೇನೆ, ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ ತರಬೇಕು ಎಂದು ಸಹೋದ್ಯೋಗಿಗಳು ಹೇಳುವುದು ಸಂತೋಷದಿಂದಲೇ. ಅದೇ ಪದ ಅಮೆರಿಕದಲ್ಲಿ ಕಿವಿಗೆ ಬಿದ್ದರೆ ಅರ್ಥ ಬೇರೆ: ಕಂತು ಕಟ್ಟಲಾಗದವನ ಮನೆ ಕೈತಪ್ಪಿತು ಎಂದು. 2008ರಲ್ಲಿ ಅಲ್ಲಿಯ ಲಕ್ಷಾಂತರ ಕುಟುಂಬಗಳು ಈ ಪದವನ್ನು ಹಾಗೆಯೇ ಕೇಳಿದವು. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥಗಳು ಹೇಗೆ ಬಂದವು ಎಂದು ಹುಡುಕಹೊರಟ ನಾನು, ನಮ್ಮ ಹೋಮ್ ಲೋನ್ ಕಾಗದಗಳ ಹಿಂದಿರುವ ಇತಿಹಾಸಕ್ಕೆ ಬಂದು ನಿಂತೆ.

ಮೂಲ ಕಥೆ ಇಂಗ್ಲೆಂಡಿನದು. ಅಲ್ಲಿ ಹಿಂದೆ ಜಮೀನು ಒತ್ತೆಯಿಟ್ಟು ಸಾಲ ಪಡೆದವನು ಗೊತ್ತುಪಡಿಸಿದ ದಿನ ಹಣ ಕೊಡದಿದ್ದರೆ ಜಮೀನು ಸಾಲ ಕೊಟ್ಟವನದಾಗಿಬಿಡುತ್ತಿತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ಚಾನ್ಸರಿ ನ್ಯಾಯಾಲಯ ಇದನ್ನು ಒಪ್ಪದಾಯಿತು. ದಿನ ತಪ್ಪಿದರೂ ಅಸಲು, ಬಡ್ಡಿ, ಖರ್ಚು ಕೊಟ್ಟು ಜಮೀನು ಬಿಡಿಸಿಕೊಳ್ಳಬಹುದು ಎಂದಿತು. ಹಾಗಾದರೆ ಎಷ್ಟು ವರ್ಷ ಕಾಯಬೇಕು ಎಂದು ಸಾಲ ಕೊಟ್ಟವರು ಕೇಳಿದರು. ಅದಕ್ಕೆ ನ್ಯಾಯಾಲಯ ಕೊನೆಯದೊಂದು ತಾರೀಖು ಕೊಡತೊಡಗಿತು. ಅದು ದಾಟಿದರೆ ಬಿಡಿಸಿಕೊಳ್ಳುವ ಹಕ್ಕಿನ ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚುವುದೇ ಫೋರ್‌ಕ್ಲೋಷರ್. ನಮ್ಮ ಬ್ಯಾಂಕುಗಳಲ್ಲಿ ಮುಚ್ಚುವುದು ಸಾಲದ ಖಾತೆ. ಮೂಲದಲ್ಲಿ ಮುಚ್ಚುತ್ತಿದ್ದದ್ದು ಸಾಲಗಾರನ ಹಕ್ಕು.

ಅಡವು, ಭೋಗ್ಯ ಎಂಬ ಪದಗಳೊಂದಿಗೇ ಬೆಳೆದ ನಮಗೆ ಇದೇನೂ ಪರಕೀಯವಲ್ಲ. ಹೊಲವನ್ನು ಭೋಗ್ಯಕ್ಕೆ ಕೊಟ್ಟು, ಎಂದಾದರೊಂದು ದಿನ ಬಿಡಿಸಿಕೊಳ್ಳುತ್ತೇವೆ ಎಂದು ಕಾಯ್ದವರು ಊರೂರಲ್ಲಿದ್ದರು. ಆ ‘ಎಂದಾದರೊಂದು ದಿನ’ಕ್ಕೆ ಕಾನೂನಿನಲ್ಲಿ ಎಷ್ಟು ಬೆಲೆ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಪುಣೆಯಲ್ಲಿ ಕೆಲಸ ಮಾಡುವ ನಮ್ಮಂಥವರ ಮಗ್ಗುಲಲ್ಲೇ.

ಪುಣೆ ಜಿಲ್ಲೆಯ ಸುಪೆ ಎಂಬ ಹಳ್ಳಿ. 1875ರ ಮೇ 12. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ, ಸಾಲ ಧಾರಾಳವಾಗಿ ಸಿಕ್ಕಿತ್ತು. ಯುದ್ಧ ಮುಗಿದು ಬೆಲೆ ಕುಸಿಯಿತು, ಸಾಲ ಸಿಗುವುದು ನಿಂತಿತು, ಇತ್ತ ಸರ್ಕಾರ ಕಂದಾಯ ಏರಿಸಿತು. ರೈತರ ಜಮೀನುಗಳು ಸಾಹುಕಾರರ ಕೈಗೆ ಜಾರತೊಡಗಿದವು. ಆ ದಿನ ಸುಪೆಯ ಸಂತೆಯಲ್ಲಿ ಸೇರಿದ ಜನ ಸಾಹುಕಾರರ ಮೇಲೆ ತಿರುಗಿಬಿದ್ದು, ಸಾಲಪತ್ರಗಳನ್ನೂ ಲೆಕ್ಕದ ವಹಿಗಳನ್ನೂ ಕಸಿದು ಸುಟ್ಟರು. ಗಲಭೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಜೀವ ತೆಗೆಯುವುದಕ್ಕಿಂತ ಕಾಗದ ತೆಗೆಯುವುದೇ ಅವರ ಉದ್ದೇಶವಾಗಿತ್ತು. ಓದಲು ಬಾರದ ರೈತನಿಗೂ ತನ್ನ ಹೊಲ ಇರುವುದು ಆ ಕಾಗದದೊಳಗೆ ಎಂದು ಗೊತ್ತಿತ್ತು.

ಮುಂಬಯಿ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಆ ಕಾಲದ ಸಾಲದ ದಾವೆಗಳಲ್ಲಿ ಎದ್ದು ಕಾಣುವ ಒಂದು ಸಂಗತಿಯೆಂದರೆ, ಬಹಳಷ್ಟು ರೈತರು ಕೋರ್ಟಿಗೆ ಹೋಗುತ್ತಲೇ ಇರಲಿಲ್ಲ. ಸಮನ್ಸ್ ಬಂದರೂ ಹೆದರಿಯೋ, ದೂರವೆಂದೋ, ಏನು ಪ್ರಯೋಜನವೆಂದೋ ಸುಮ್ಮನಿರುತ್ತಿದ್ದರು. ತೀರ್ಪು ಏಕಪಕ್ಷೀಯವಾಗಿ ಬರುತ್ತಿತ್ತು. 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ ಇದನ್ನು ತಡೆಯಲು ಹೊರಟಿತು. ಸಾಲಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನೋಡದೆ, ಸಾಲ ಹುಟ್ಟಿದಂದಿನಿಂದ ಲೆಕ್ಕ ತೆಗೆಯಬೇಕು ಎಂದು ನ್ಯಾಯಾಲಯಕ್ಕೆ ಹೇಳಿತು. ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟಿತು. ಸಾಲಕ್ಕಾಗಿ ರೈತನನ್ನು ಬಂಧಿಸುವುದನ್ನು ನಿಲ್ಲಿಸಿತು. ಕಟ್ಟಿದ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕಪತ್ರ, ಪಾಸ್‌ಬುಕ್ ಕೇಳುವ ಹಕ್ಕನ್ನೂ ಕೊಟ್ಟಿತು.

ಮೂರು ವರ್ಷದ ಬಳಿಕ, 1882ರಲ್ಲಿ ಬಂದ ಆಸ್ತಿ ವರ್ಗಾವಣೆ ಕಾಯ್ದೆ ಅಡಮಾನದ ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕನ್ನು ಕಾನೂನಿನ ಪುಸ್ತಕಕ್ಕೆ ತಂದಿತು. ನಾವು ಫ್ಲ್ಯಾಟಿನ ಮೂಲಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಸಾಲ ಪಡೆಯುವ ಪದ್ಧತಿಗೂ ಆ ಕಾಯ್ದೆಯೇ ಆಧಾರ. ನೂರಕ್ಕೂ ಹೆಚ್ಚು ವರ್ಷ, ಸಾಮಾನ್ಯವಾಗಿ ಮನೆ ಮಾರಿ ಸಾಲ ವಸೂಲು ಮಾಡಬೇಕಾದರೆ ಸಾಲ ಕೊಟ್ಟವರು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ದಾವೆಗಳು ವರ್ಷಗಟ್ಟಲೆ ಎಳೆಯುತ್ತಿದ್ದವು. ಕೊಡಬಲ್ಲ ದೊಡ್ಡ ಸಾಲಗಾರರೂ ಆ ವಿಳಂಬದ ನೆರಳಿನಲ್ಲೇ ಆರಾಮವಾಗಿದ್ದರು.

ಬ್ಯಾಂಕುಗಳ ಕೆಟ್ಟ ಸಾಲ ಬೆಳೆದಂತೆ 1993ರಲ್ಲಿ ಸಾಲ ವಸೂಲಿ ನ್ಯಾಯಮಂಡಳಿಗಳ ಕಾನೂನು ಬಂತು. ಅದೂ ಸಾಲದೆಂದು 2002ರಲ್ಲಿ ಸರ್ಫೇಸಿ ಕಾಯ್ದೆ ಬಂತು. ಇದರ ಪ್ರಕಾರ ಬ್ಯಾಂಕು ಕೋರ್ಟಿಗೆ ಹೋಗದೆಯೇ ನೋಟಿಸ್ ಕೊಟ್ಟು, ಮನೆ ಸ್ವಾಧೀನಕ್ಕೆ ಪಡೆದು, ಹರಾಜು ಹಾಕಬಹುದು. ಸಾಲಗಾರ ನ್ಯಾಯಮಂಡಳಿಗೆ ಹೋಗಬೇಕೆಂದರೆ ಬ್ಯಾಂಕು ಕೇಳಿದ ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿ ಇಡಬೇಕಿತ್ತು. ಕಂತಿಗೇ ಹಣವಿಲ್ಲದವನು ಮುಕ್ಕಾಲು ಪಾಲು ಎಲ್ಲಿಂದ ತರಬೇಕು? ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದರೂ ಈ ಷರತ್ತನ್ನು ರದ್ದು ಮಾಡಿತು. ಸಾಲಗಾರನ ಆಕ್ಷೇಪಣೆಗೆ ಬ್ಯಾಂಕು ಕಾರಣ ಸಹಿತ ಉತ್ತರ ಕೊಡಬೇಕೆಂದಿತು. ಮೊಕದ್ದಮೆ ಹೂಡಿದ್ದು ಒಂದು ಕೈಗಾರಿಕಾ ಕಂಪನಿ. ಗೆದ್ದುಕೊಟ್ಟ ಹಕ್ಕು ಎರಡು ಬೆಡ್‌ರೂಮಿನ ಫ್ಲ್ಯಾಟಿನವರಿಗೂ ಸಿಕ್ಕಿತು.

ಇಂದಿನ ಲೆಕ್ಕ ಹೀಗಿದೆ. ಕಂತು 90 ದಿನ ದಾಟಿ ಬಾಕಿ ಉಳಿದರೆ ಖಾತೆ ಎನ್‌ಪಿಎ. ಬಳಿಕ 60 ದಿನಗಳ ನೋಟಿಸ್. ಆ ಅವಧಿಯಲ್ಲಿ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ, ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ಸ್ವಾಧೀನದ ಕ್ರಮ ಕೈಗೊಂಡರೆ ಅಲ್ಲಿಂದ 45 ದಿನದೊಳಗೆ ನ್ಯಾಯಮಂಡಳಿಗೆ ಹೋಗಬಹುದು. ಸ್ವಾಧೀನದ ನೋಟಿಸ್ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದು. ಪುಣೆಯಲ್ಲಿದ್ದರೆ ಮರಾಠಿ, ಹೈದರಾಬಾದಿನಲ್ಲಿದ್ದರೆ ತೆಲುಗು. ಊರು ಬಿಟ್ಟು ಬಂದ ನಾವು ನಮ್ಮ ಮನೆಯ ಸುದ್ದಿಯನ್ನೇ ಓದಲಾಗದೆ ಪುಟ ತಿರುವಿಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದ ತಾರೀಖು ಇನ್ನೊಂದಿದೆ. ಮೊದಲು ಹರಾಜಿನ ಹೊತ್ತಿನವರೆಗೂ ಪೂರ್ತಿ ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳಲು ಆಸ್ಪದವಿತ್ತು. 2016ರ ತಿದ್ದುಪಡಿ ಅದನ್ನು ಹರಾಜಿನ ನೋಟಿಸ್ ಪ್ರಕಟವಾಗುವವರೆಗೆ ಎಂದು ಮೊಟಕುಗೊಳಿಸಿತು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತಪಡಿಸಿತು. ಚಾನ್ಸರಿ ನ್ಯಾಯಾಲಯ ತೆರೆದ ಬಾಗಿಲು ಈಗ ಒಂದು ಜಾಹೀರಾತು ಅಚ್ಚಾದ ದಿನವೇ ಮುಚ್ಚುತ್ತದೆ.

ಇದನ್ನೆಲ್ಲ ನಾನು ಬರಿಯ ಕುತೂಹಲಕ್ಕೆ ಓದಿದ್ದಲ್ಲ. ನನ್ನ ಹಿಂದಿನ ತಂಡದಲ್ಲಿದ್ದ ಕನ್ನಡಿಗನೊಬ್ಬ ಕೆಲಸ ಕಳೆದುಕೊಂಡ ಮೇಲೆ ಬ್ಯಾಂಕಿನ ಪತ್ರಗಳನ್ನು ಒಡೆಯದೆಯೇ ಕಪಾಟಿನಲ್ಲಿ ಪೇರಿಸಿಟ್ಟಿದ್ದ. ಹೆಂಡತಿಗೂ ಊರಲ್ಲಿದ್ದ ಅಪ್ಪನಿಗೂ ಹೇಳಿರಲಿಲ್ಲ. ಬಾಗಿಲಿಗೆ ನೋಟಿಸ್ ಅಂಟಿದ ದಿನ ಎಲ್ಲರಿಗೂ ತಿಳಿಯಿತು. ಕೂತು ಕಾಗದ ಓದಿದೆವು. ಹರಾಜಿನ ನೋಟಿಸ್ ಇನ್ನೂ ಬಂದಿರಲಿಲ್ಲ. ಅರವತ್ತು ದಿನದ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ. ಒಪ್ಪಿಗೆ ಕೇಳಿ ಪಡೆದು, ತಾನೇ ಗಿರಾಕಿ ಹುಡುಕಿ ಮಾರಿದ. ಮನೆ ಹೋಯಿತು, ಆದರೆ ಸಾಲ ತೀರಿ ಕೈಯಲ್ಲಿ ಒಂದಿಷ್ಟು ಹಣ ಉಳಿಯಿತು. ಹರಾಜಾಗಿದ್ದರೆ ಬೆಲೆ ಅವನ ಕೈಯಲ್ಲಿ ಇರುತ್ತಿರಲಿಲ್ಲ. ಸಾಲಕ್ಕಿಂತ ಕಡಿಮೆ ಬಂದಿದ್ದರೆ ಉಳಿದ ಬಾಕಿಯೂ ಅವನ ತಲೆಯ ಮೇಲೇ.

ಮನೆಯನ್ನೇ ಉಳಿಸಿಕೊಳ್ಳುವ ದಾರಿಗಳು ಇರುವುದು ಅದಕ್ಕೂ ಮುಂಚೆ, ಮೊದಲ 90 ದಿನಗಳಲ್ಲಿ. ಕೆಲಸ ಹೋದ ವಾರವೇ ಬ್ಯಾಂಕಿಗೆ ಬರೆದು ಅವಧಿ ಹೆಚ್ಚಿಸಿ ಕಂತು ಇಳಿಸಲು, ಸಾಲದ ಮರುಹೊಂದಾಣಿಕೆಗೆ ಕೇಳಬಹುದು. ಕೊಡಲೇಬೇಕೆಂಬ ನಿಯಮವಿಲ್ಲ, ಆದರೆ ಖಾತೆ ಕೆಡುವ ಮುನ್ನ ಕೇಳಿದವನ ಮಾತಿಗೆ ತೂಕ ಹೆಚ್ಚು. ಬಡ್ಡಿ ಕಡಿಮೆಯಿರುವ ಕಡೆಗೆ ಸಾಲ ವರ್ಗಾಯಿಸುವುದಿದ್ದರೆ ಒಂದು ಕಂತೂ ತಪ್ಪುವ ಮೊದಲೇ ಆಗಬೇಕು. ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಚಿಕ್ಕ ಮನೆಗೆ ಹೋಗುವ ನಿರ್ಧಾರವೂ ಆಗಲೇ ಸುಲಭ. ಅರವತ್ತು ದಿನದ ನೋಟಿಸ್ ಬಂದ ಮೇಲೆ ಅದಕ್ಕೂ ಬ್ಯಾಂಕಿನ ಒಪ್ಪಿಗೆ ಬೇಕಾಗಬಹುದು. ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ, ದಂಡದ ಶುಲ್ಕಗಳನ್ನು ಒಂದೊಂದಾಗಿ ನೋಡಿ.

ಲೆಕ್ಕ ತೋರಿಸಿ ಎಂದು ಕೇಳುವ ಈ ಹಕ್ಕಿಗಾಗಿ ಸುಪೆಯ ರೈತರು ವಹಿಗಳನ್ನು ಸುಡಬೇಕಾಯಿತು. ನಮಗೆ ಒಂದು ಇಮೇಲ್ ಸಾಕು. ಕಷ್ಟದಲ್ಲಿರುವ ಗೆಳೆಯರು ನಿಮ್ಮ ತಂಡದಲ್ಲಿದ್ದರೆ, ಆ ಇಮೇಲನ್ನು ಅವರ ಪಕ್ಕದಲ್ಲಿ ಕೂತು ಬರೆಸಿ.